ಗ್ರಾಮರ್ ಗ್ರಹಚಾರ

‘ಮೇಷ್ಟ್ರೇ, ಮಗ ಇಂಟರ್‌ವ್ಯೂನಲ್ಲಿ “ಮೈಸೆಲ್ಫ್ ಮಂಜುನಾಥ” ಅಂದ್ನಂತೆ. ನಕ್ಕುಬಿಟ್ರಂತೆ’ ಗೋಳಾಡಿದ ಕರಿಯಣ್ಣ.

‘ನಗದೆ? “ಐ ಆ್ಯಮ್ ಮಂಜುನಾಥ” ಅನ್ನಬೇಕಿತ್ತು.’

‘“ರಿಟರ್ನ್ ಬ್ಯಾಕ್” ಅಂತಾನೂ ಅಂದ್ನಂತೆ.’

‘ರಿಟರ್ನ್ ಆದ್ಮೇಲೆ ಬ್ಯಾಕ್ ಯಾಕಯ್ಯಾ? ಡಬಲ್ ಆಯ್ತು!’

‘ಕಸಿನ್ ಬ್ರದರ್?’

‘ಬರೀ ಕಸಿನ್ ಸಾಕು.’

‘ಅಣ್ಣನೋ ಅಕ್ಕನೋ ಹೆಂಗೆ ಗೊತ್ತಾಗುತ್ತೆ?’

‘ಅದು ಇಂಗ್ಲಿಷ್‌ನೋರಿಗೂ ಗೊತ್ತಾಗಲ್ಲ, ಬಿಡು.’

‘ಪ್ರಿಪೋನ್?’

‘ಮೊದಲು ತಪ್ಪು ಅಂತಿದ್ರು. ಎಲ್ರೂ ಬಳಸಿ ಬಳಸಿ ಈಗ ಆಕ್ಸ್‌ಫರ್ಡ್ ಡಿಕ್ಷನರೀಲೇ ಇದೆ.’

‘ಮೆಜಾರಿಟಿ ಬಂದ್ರೆ ತಪ್ಪೂ ಸರಿ ಅನ್ನಿ! ಥೇಟ್ ವಿಧಾನಸೌಧ.’

‘ಅದಿರಲಿ, ಕೆಲಸ ಸಿಕ್ತಾ?’

‘ಎಲ್ಲಿ? ಇಂಗ್ಲಿಷ್ ಸಾಲದು ಅಂತ ರಿಜೆಕ್ಟ್ ಮಾಡಿದ್ರು.’

‘ಪಾಪ! ಯಾವ ಪೋಸ್ಟು?’

‘ಇಂಟರ್‌ನ್ಯಾಷನಲ್ ಸ್ಕೂಲ್‌ನಲ್ಲಿ ಕನ್ನಡ ಮೇಷ್ಟ್ರು!’

ಮೇಷ್ಟ್ರ ಮಾತಿಗೆ ಫುಲ್‌ಸ್ಟಾಪ್ ಬಿತ್ತು.