ಮುಂದೆ ಕರೆಂಟು, ಹಿಂದೆ ನಾವು

ಶಕ್ತಿನಗರದಲ್ಲಿ ಎಂಟು ದಿನ ಕಾಣದೇ ಹೋದವನು ಒಂಬತ್ತನೆಯ ದಿನ ಚಹಾದಂಗಡಿಗೆ ಬಂದು "ಕಾಫಿ ಇಲ್ಲೇನ್ರೀ?" ಎಂದು ಕೇಳಿದರೆ, ಆಸಾಮಿ ಬೆಂಗಳೂರಿಗೆ ಮನಸೋತು ಬಂದಿದ್ದಾನೆ ಎಂದು ತಿಳಿಯಬೇಕು. ಚಹಾ ಒಂದು ಗುಟುಕು ಕುಡಿದು "ಇದು ಚಾ ಅಲ್ಲ ಭಾಯಿ, ಬಿಸಿನೀರು" ಎಂದು ಮೂಗು ಮುರಿದರೆ ಹೈದರಾಬಾದು. ನಮ್ಮ ಕಡೆ ಈ ಎರಡೇ ಬೇನೆ. ಮೂರನೆಯದು ಬಂದವರು ವಾಪಸ್ ಬರುವುದಿಲ್ಲ, ಅಮೆರಿಕಾದಿಂದ ಫೋನ್ ಮಾಡುತ್ತಾರೆ.

ಬೆಂಗಳೂರಿನ ಬೇನೆ ಹಿಡಿದವರು ಹೇಳುವ ಮೊದಲ ಮಾತು ಒಂದೇ: "ಅಲ್ಲಿ ಫ್ಯಾನೇ ಬ್ಯಾಡ್ರೀ." ಏಪ್ರಿಲ್ ತಿಂಗಳಲ್ಲಿ, ಮೇಲೆ ಸೂರ್ಯ ಪಕ್ಕದಲ್ಲಿ ಬಾಯ್ಲರು ಎಂಬಂತೆ ಬದುಕುವವರ ಮುಂದೆ ಇದನ್ನು ಹೇಳಲು ಎಂಟೆದೆ ಬೇಕು. ನಮ್ಮ ಗುಂಪಿನಲ್ಲಿ ಒಬ್ಬ ಥರ್ಮಲ್ಲಿನ ದೋಸ್ತ ಇದ್ದಾನೆ. ಕಲ್ಲಿದ್ದಲಿನ ಧೂಳು ಕುಡಿದೇ ನಿವೃತ್ತನಾದವನು. ಅವನ ಉತ್ತರ ಸಿದ್ಧವಿರುತ್ತದೆ: "ಫ್ಯಾನ್ ಬ್ಯಾಡ ಅಂದ್ರ ನಾವು ಇಷ್ಟು ವರ್ಷ ಕಲ್ಲಿದ್ದಲು ಯಾರ ಸಲುವಾಗಿ ಸುಟ್ವಿ?"

ಅವನ ಮಾತು ಪೂರಾ ತಮಾಷೆಯಲ್ಲ. ಇಲ್ಲಿನ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಆಮೇಲೆ ಒಂದೊಂದಾಗಿ ಎಂಟಾದವು. ಏಳು ಘಟಕ 210 ಮೆಗಾವಾಟಿನವು, ಎಂಟನೆಯದು 250. ಒಟ್ಟು 1720. ನೀರು ಕೃಷ್ಣೆಯದು, ಕಲ್ಲಿದ್ದಲು ಸಿಂಗರೇಣಿಯಂಥ ದೂರದ ಗಣಿಗಳದ್ದು, ಬೂದಿ ನಮ್ಮದು, ಬೆಳಕು ಎಲ್ಲರದು. ಹಾಗೆ ನೋಡಿದರೆ ಬೆಂಗಳೂರಿಗೆ ಬೆಳಕನ್ನು ಹೊರಗಿನಿಂದ ತರಿಸಿಕೊಳ್ಳುವುದು ಹೊಸದೇನಲ್ಲ. 1905ರಲ್ಲಿ ಆ ಊರಿನ ಬೀದಿಗೆ ಮೊದಲ ಬಾರಿ ವಿದ್ಯುತ್ ದೀಪ ಹತ್ತಿದಾಗಲೂ ಕರೆಂಟು ಶಿವನಸಮುದ್ರದಿಂದ ಹೋಗಿತ್ತು. ಕಾವೇರಿಯ ಸಾಲ ತೀರುವ ಮೊದಲೇ ಕೃಷ್ಣೆಯ ಹತ್ತಿರ ಕೈಗಡ. ಹೀಗಾಗಿ ನಾವು ಬೆಂಗಳೂರಿಗೆ ಹೋಗುವುದನ್ನು ಪ್ರವಾಸ ಎಂದು ಕರೆಯಲು ದೋಸ್ತ ಒಪ್ಪುವುದಿಲ್ಲ. "ತಪಾಸಣಿಗೆ ಹೊಂಟೀವಿ" ಎನ್ನುತ್ತಾನೆ.

ಆದರೆ ಮೊದಲ ಪ್ರೀತಿ ಹೈದರಾಬಾದಿನದು, ಅದನ್ನು ಮುಚ್ಚಿಟ್ಟು ಲಾಭವಿಲ್ಲ. 1956ರ ತನಕ ರಾಯಚೂರು ಹೈದರಾಬಾದು ರಾಜ್ಯದಲ್ಲೇ ಇತ್ತು. ನಮ್ಮ ಅಜ್ಜಂದಿರಿಗೆ ಕೋರ್ಟು, ದವಾಖಾನೆ, ಮದುವೆಯ ಸೀರೆ, ಮುನಿಸಿಕೊಂಡು ಮನೆ ಬಿಟ್ಟು ಓಡಿಹೋಗುವುದು ಎಲ್ಲಕ್ಕೂ ಅದೇ ಊರು. ನಿಜಾಮರ ಕಾಲದ ಸೇತುವೆ ದಾಟಿದರಾಯಿತು, ಮಕ್ತಲ, ಮೆಹಬೂಬನಗರ, ಜಡಚರ್ಲ, ಬಂದೇ ಬಿಟ್ಟಿತು. ಹೊಳೆಯ ಆ ದಂಡೆಯಲ್ಲಿರುವ ಕೃಷ್ಣಾ ಸ್ಟೇಷನ್ ಮಾರ್ಗವಾಗಿ 2023ರ ಅಕ್ಟೋಬರ್‌ನಿಂದ ಹೈದರಾಬಾದಿನ ಕಾಚಿಗುಡಕ್ಕೆ ರೈಲೂ ಆಯಿತು. ಹಳೇ ಪ್ರೀತಿಗೆ ಹೊಸ ಹಳಿ.

ಹೈದರಾಬಾದಿಗೆ ಒಬ್ಬನೇ ಹೋಗಬಾರದು. ಒಬ್ಬನೇ ಹೋದವನು ಸಾಮಾನು ತರುತ್ತಾನೆ, ಗುಂಪಾಗಿ ಹೋದವರು ಜಗಳ ತರುತ್ತಾರೆ, ಮತ್ತು ವರ್ಷಗಟ್ಟಲೆ ಬಾಳಿಕೆ ಬರುವುದು ಜಗಳವೇ. ನಮ್ಮ ಗುಂಪಿನಲ್ಲಿ ಥರ್ಮಲ್ಲಿನ ದೋಸ್ತನಲ್ಲದೆ ಮಾನ್ವಿಯ ಅಕ್ಕಿ ಸಾಹುಕಾರ ಒಬ್ಬ, ದೇವದುರ್ಗದ ಗೌಂಡಿ ಒಬ್ಬ. ಚಾರ್‌ಮಿನಾರಿನ ಬುಡದಲ್ಲಿ ನಿಂತು 1591ರ ಕಟ್ಟಡ ಎಂದು ನಾನು ಓದಿ ಹೇಳಿದರೆ ಮೂವರೂ ಮೂರು ಕಡೆ ನೋಡುತ್ತಿದ್ದರು. ಗೌಂಡಿ ಗಚ್ಚು ಮುಟ್ಟಿ ನೋಡಿ "ಸಿಮೆಂಟ್ ಇಲ್ಲದ ನಿಂತೈತಿ, ಅವರಿಗೆ ಅವಸರ ಇದ್ದಿಲ್ಲ" ಎಂದ. ದೋಸ್ತ ಮಿನಾರಿಗೆ ಬಿಟ್ಟ ದೀಪ ಎಷ್ಟು ವಾಟಿನವು ಎಂದು ಲೆಕ್ಕ ಹಾಕಿದ. ಸಾಹುಕಾರ ಲಾಡ್ ಬಜಾರಿನಲ್ಲಿ ಬಳೆ ಚೌಕಾಸಿಗೆ ಇಳಿದು, ಕೊಳ್ಳದೇ ಬಂದು, ಗೆದ್ದ ಮುಖ ಮಾಡಿದ.

ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ಅವನ ಪ್ರತಿಭೆ ಪೂರ್ತಿ ಅರಳಿತು. ಅಲ್ಲೊಂದು ಹಳೇ ಗಡಿಯಾರವಿದೆ. ತಾಸಿಗೊಮ್ಮೆ ಅದರೊಳಗಿಂದ ಪುಟ್ಟ ಗಡ್ಡದ ಮನುಷ್ಯ ಹೊರಗೆ ಬಂದು ಗಂಟೆ ಹೊಡೆದು ಒಳಗೆ ಹೋಗುತ್ತಾನೆ. ಅದನ್ನು ನೋಡಲು ಜನ ಮುಂದೆ ಜಮಾಯಿಸಿ ಕೂರುತ್ತಾರೆ. ನಾವು ಒಳಗೆ ಹೋದಾಗ ಹನ್ನೊಂದಾಗುವುದರಲ್ಲಿತ್ತು. "ಈಗ ಬ್ಯಾಡ," ಎಂದ ಸಾಹುಕಾರ, "12ಕ್ಕ ಬರೂಣು. ಒಂದು ಗಂಟೆಗೆ ಬಂದವರಿಗೆ ಒಂದ ಏಟು, 12ಕ್ಕ ಬಂದವರಿಗೆ 12. ಟಿಕೀಟು ಅಷ್ಟ." ಮುಸುಕಿನ ರೆಬೆಕ್ಕಾಳ ಅಮೃತಶಿಲೆಯ ಮೂರ್ತಿಯ ಮುಂದೆ ಲೋಕವೆಲ್ಲ ಬೆರಗಾಗಿ ನಿಂತಿದ್ದರೆ ಈತನ ಕಣ್ಣು ಕೈಗಡಿಯಾರದ ಮೇಲೆ. 12ಕ್ಕೆ ಆ ಪುಟ್ಟ ಮನುಷ್ಯ ಬಂದು ಹೊಡೆಯುವಾಗ ಸಾಹುಕಾರ ಬೆರಳು ಮಡಚುತ್ತಾ ಎಣಿಸಿದ. 12 ಪೂರಾ ಬಂತು. ಕಡಿಮೆ ಬಿದ್ದಿದ್ದರೆ ಮ್ಯಾನೇಜರನ್ನು ಕರೆಸುವವನೇ.

ಹೀಗೆ ಸುಖವಾಗಿದ್ದ ನಮ್ಮ ಹೈದರಾಬಾದಿನ ಸಂಬಂಧಕ್ಕೆ ಕಲ್ಲು ಹಾಕಿದ್ದು ಶಕ್ತಿ ಯೋಜನೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಬಸ್ಸು ಉಚಿತ. ರಾಜ್ಯದೊಳಗೆ ಎಂದರೆ ಸೇತುವೆಯ ಈ ಕಡೆ. ಅದೇ ವರ್ಷ ಡಿಸೆಂಬರಿನಲ್ಲಿ ಆ ಕಡೆಯವರಿಗೆ ಅವರ ಸರ್ಕಾರದ ಬಸ್ಸೂ ಉಚಿತವಾಯಿತು. ಹೊಳೆಯ ಎರಡೂ ದಂಡೆಯ ಹೆಂಗಸರು ಬಿಟ್ಟಿ, ಹೊಳೆ ದಾಟುವಾಗ ಮಾತ್ರ ಇಬ್ಬರಿಗೂ ಟಿಕೀಟು. ಕಾಲನಿಯ ಅಕ್ಕೋರು ಒಂದು ಸಂಜೆ ಕೂತು ಲೆಕ್ಕ ಮಾಡಿದರು: ಅರ್ಧ ದೂರದ ಹೈದರಾಬಾದಿಗೆ ಪೂರ್ತಿ ದುಡ್ಡು, ದುಪ್ಪಟ್ಟು ದೂರದ ಬೆಂಗಳೂರಿಗೆ ಸೊನ್ನೆ. ತಲೆಮಾರುಗಳ ಪ್ರೀತಿ ಆ ಒಂದು ಸಂಜೆಯಲ್ಲಿ ದಿಕ್ಕು ಬದಲಿಸಿತು. ಸ್ಲೀಪರ್ ಬಸ್ಸಿಗೆ ಯೋಜನೆ ಲಾಗೂ ಇಲ್ಲವಾದ್ದರಿಂದ ರಾತ್ರಿಯಿಡೀ ನೆಟ್ಟಗೆ ಕೂತೇ ಹೋದರು. ಬಂದ ಮೇಲೆ ನನ್ನ ಮನೆಯಾಕೆಗೆ ಬಗ್ಗಿ ಕಸ ಗುಡಿಸಲು ಬರಲಿಲ್ಲ. ಆದರೂ "ಹ್ಯಾಂಗಿತ್ತು?" ಎಂದರೆ "ಮಲ್ಲೇಶ್ವರದಾಗ ಹೂವಿನಂಗಡಿ ನೋಡಬೇಕು ನೀವು" ಎಂದಳು. ಸೊಂಟದ ಸುದ್ದಿಯೇ ಇಲ್ಲ. ಎಣ್ಣೆ ಹಚ್ಚುವ ಕೆಲಸ ನನಗೆ ಬಂತು.

ಅವರು ಹೋಗಿ ಬಂದ ಮೇಲೆ ನಾವು ಸುಮ್ಮನಿರುವುದಾದರೂ ಹೇಗೆ? ಗಂಡಸರ ತಂಡವೂ ಹೊರಟಿತು, ದುಡ್ಡು ಕೊಟ್ಟು. ಬೆಂಗಳೂರಿನಲ್ಲಿ ನಮಗೆ ಗೈಡು ದೇವದುರ್ಗದ ಗೌಂಡಿ. ನಮ್ಮ ತಂಡದಲ್ಲಿ ಆ ಊರನ್ನು ಅವನಷ್ಟು ಬಲ್ಲವರಿಲ್ಲ. ಮಳೆ ಕೈಕೊಟ್ಟ ವರ್ಷ ದೇವದುರ್ಗ, ಮಾನ್ವಿಯ ಹಳ್ಳಿಗಳಿಂದ ಜೋಳದ ಹಿಟ್ಟಿನ ಚೀಲ, ಪಾತ್ರೆ, ಮಕ್ಕಳು ಸಮೇತ ಬಸ್ ಹತ್ತಿ ಗುಳೆ ಹೋಗುವವರಿದ್ದಾರಲ್ಲ, ಆ ಪೈಕಿ ಅವನು. ವೈಟ್‌ಫೀಲ್ಡಿಗೆ ಹೋಗುವ ದಾರಿಯಲ್ಲಿ ನಾವು ಬಾಯಿ ಬಿಟ್ಟು ಗಾಜಿನ ಕಟ್ಟಡ ನೋಡುತ್ತಿದ್ದರೆ ಅವನು ತನ್ನ ಹೊಲ ತೋರಿಸುವವನಂತೆ ಹೇಳುತ್ತಾ ಬಂದ: "ಆ ಕೆಂಪು ಕಟ್ಟಡ ನಮ್ಮದು. ಇದು ನಮ್ಮದಲ್ಲ, ತೆಲುಗರದು. ಅದರ ಎಂಟನೇ ಸ್ಲ್ಯಾಬ್ ಹಾಕುವಾಗ ಮಳಿ ಬಂದು, ತಾಡಪಾಲ ಹಿಡಕೊಂಡು ರಾತ್ರಿಯಿಡೀ ನಿಂತಿದ್ವಿ."

ಆ ಎಂಟನೇ ಸ್ಲ್ಯಾಬನ್ನು ಹತ್ತಿರದಿಂದ ನೋಡಲು ಹೋದೆವು. ಗೇಟಿನಲ್ಲಿ ವಾಚ್‌ಮನ್ ಕೈ ಅಡ್ಡ ಮಾಡಿದ. ಒಳಗೆ ಯಾರನ್ನು ನೋಡಬೇಕು, ಎಷ್ಟನೇ ಮಹಡಿ, ಫೋನ್ ಮಾಡಿ ಹೇಳಿದ್ದೀರಾ? ಗೌಂಡಿ ಹೇಳಿದ, "ಮಹಡಿ ಎಂಟನೇದ, ನೋಡಾಕ ಬಂದಿದ್ದು ಮಹಡೀನ." ಆ ಮಾತಿನ ವರಸೆ ಕೇಳಿದ್ದೇ ವಾಚ್‌ಮನ್ನಿನ ಮುಖ ಸಡಿಲಾಯಿತು. "ಯಾವೂರ್ರೀ ನಿಮ್ದು?" "ದೇವದುರ್ಗ." "ನಮ್ದು ಸಿರವಾರ!" ಕಟ್ಟಿದವನೂ ನಮ್ಮವನೇ, ಕಾಯುವವನೂ ನಮ್ಮವನೇ, ಒಳಗೆ ಮಾತ್ರ ಬಿಡುವ ಹಾಗಿಲ್ಲ. ನಾಲ್ವರಿಗೂ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಡಬ್ಬಿ ತೆಗೆದು ರೊಟ್ಟಿ ಮುಂದಿಟ್ಟ. ಸಾಹುಕಾರ ಇಲ್ಲೂ ಟಿಕೀಟು ಇಲ್ಲದ್ದನ್ನು ಗಮನಿಸಿ ಸಂತೋಷಪಟ್ಟ.

ಸಾಹುಕಾರನ ತಪಾಸಣೆ ಹೋಟೆಲ್ಲುಗಳಲ್ಲಿ. ಊಟ ಬಂದೊಡನೆ ಸಾರು ಹಾಕಿಕೊಳ್ಳುವ ಮೊದಲು ನಾಲ್ಕು ಅಗುಳು ಕೈಯಲ್ಲಿ ಹಿಡಿದು ನೋಡುತ್ತಾನೆ. ತುಂಗಭದ್ರೆಯ ಎಡದಂಡೆ ಕಾಲುವೆಯ ಸೋನಾ ಮಸೂರಿ ಎಂದು ಖಾತ್ರಿಯಾದರೆ ಹೋಟೆಲ್ ಒಳ್ಳೆಯದು. ಇಲ್ಲವಾದರೆ ಪಲ್ಯದಲ್ಲಿ ಉಪ್ಪು ಹೆಚ್ಚು.

ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಂಡೆವು. ಆ ಕಟ್ಟಡ ಮುಗಿದದ್ದೂ 1956ರಲ್ಲಿ, ನಾವು ಇವರ ಕಡೆ ಬಂದದ್ದೂ 1956ರಲ್ಲಿ. "ಮನಿ ಕಟ್ಟಿ ಮುಗಿಸಿ ಆಮ್ಯಾಲೆ ಸಂಬಂಧ ಬೆಳೆಸ್ಯಾರ, ಪದ್ಧತಿ ಗೊತ್ತಿದ್ದ ಮಂದಿ" ಎಂದ ಸಾಹುಕಾರ. ಕತ್ತಲಾದ ಮೇಲೆ ಎಂ.ಜಿ. ರಸ್ತೆಯಲ್ಲಿ ಥರ್ಮಲ್ಲಿನ ದೋಸ್ತನನ್ನು ಹಿಡಿಯುವುದೇ ಕಷ್ಟವಾಯಿತು. ಬಾಗಿಲು ಹಾಕಿದ ಅಂಗಡಿಯೊಂದರ ಬೋರ್ಡು ಝಗಝಗ ಉರಿಯುತ್ತಿತ್ತು. "ಒಳಗ ಮಂದಿ ಇಲ್ಲ, ಮ್ಯಾಲೆ ಲೈಟು ನೋಡು" ಎಂದು ಸ್ವಿಚ್ ಎಲ್ಲಿದೆ ಎಂದು ಹುಡುಕತೊಡಗಿದ. ಗ್ರಿಡ್ಡಿಗೆ ಸೇರಿದ ಮೇಲೆ ಯಾವ ಕರೆಂಟು ಯಾರದು ಎಂದು ಬೇರ್ಪಡಿಸಲು ಬರುವುದಿಲ್ಲ ಎಂದು ನಮಗೆ ಕಲಿಸಿದವನೇ ಅವನು. ನೆನಪಿಸಿದೆ. "ಹೌದಪಾ, ಇದು ಪಾವಗಡದ್ದೂ ಇರಬಹುದು" ಎಂದು ಸವತಿಯ ಹೆಸರು ಹೇಳಿದ ಹಾಗೆ ಹೇಳಿದ. ಅಲ್ಲಿ ಬಿಸಿಲಿನಿಂದ ಕರೆಂಟು ಬರತೊಡಗಿದ ಮೇಲೆ ನಮ್ಮ ಘಟಕಗಳಿಗೆ ಆಗಾಗ ರಜೆ. ಬಿಸಿಲೇ ಬೇಕಿತ್ತೆಂದರೆ ರಾಯಚೂರಿನಲ್ಲಿ ಕಡಿಮೆಯಿತ್ತೇ ಎಂಬುದು ಅವನ ತೀರದ ದೂರು.

ಇಷ್ಟೆಲ್ಲ ನಗರಗಳ ಹಿಂದೆ ಅಲೆಯುವ ನಮ್ಮ ಹಿಂದೆಯೂ ಒಂದು ಕಾಲಕ್ಕೆ ನಗರಗಳು ಅಲೆದಿದ್ದವು ಎಂದರೆ ಹುಡುಗರು ನಂಬುವುದಿಲ್ಲ. 1520ರಲ್ಲಿ ವಿಜಯನಗರದ ಕೃಷ್ಣದೇವರಾಯ, ವಿಜಯಪುರದ ಇಸ್ಮಾಯಿಲ್ ಆದಿಲ್ ಶಾ ದಂಡು ಕಟ್ಟಿಕೊಂಡು ಬಂದು ಕಾದಾಡಿದ್ದು ಈ ರಾಯಚೂರಿಗಾಗಿ. ಆಗಿನ ದೊಡ್ಡ ನಗರಗಳಿಗೆ ನಮ್ಮ ಊರು ಬೇಕಾಗಿತ್ತು. ಈಗ ನಾವು ಹೋಗುತ್ತೇವೆ, ದಂಡಿಲ್ಲದೆ, ಬೆನ್ನಿಗೊಂದು ಚೀಲ ಹಾಕಿಕೊಂಡು. ಕೋಟೆ ಅಲ್ಲೇ ಇದೆ, ಒಳಗೆ ಆಡು ಮೇಯುತ್ತಿರುತ್ತವೆ.

ಮುಂದಿನ ಊರು ಯಾವುದೆಂಬ ಚರ್ಚೆ ಈಗ ನಡೆದಿದೆ. 1871ರಲ್ಲಿ ಮುಂಬೈ ಕಡೆಯ ಹಳಿಯೂ ಮದ್ರಾಸಿನ ಹಳಿಯೂ ಕೂಡಿದ್ದು ರಾಯಚೂರಿನಲ್ಲೇ ಆದ್ದರಿಂದ, ಸ್ಟೇಷನ್ನಿನಲ್ಲಿ ನಿಂತು ಯಾವ ಕಡೆ ಮುಖ ಮಾಡಿದರೂ ಸಮುದ್ರ. ಮುಂಬೈ ಎಂದೆ ನಾನು. ಅಕ್ಕೋರು ಅಲ್ಲಿ ಫ್ರೀ ಇಲ್ಲ ಎಂದರು. ದೋಸ್ತ ಅಲ್ಲಿ ನಮ್ಮ ಕರೆಂಟಿಲ್ಲ, ನೋಡುವುದೇನು ಎಂದ. ಗೌಂಡಿ ತಮ್ಮೂರ ಮಂದಿ ಅಲ್ಲೂ ಇದ್ದಾರೆ, ಇಳಿಯಲು ತೊಂದರೆಯಿಲ್ಲ ಎಂದ. ಸಾಹುಕಾರ ಸುಮ್ಮನೆ ಕೂತಿದ್ದ.

"ಸಮುದ್ರ ನೋಡಾಕ ಟಿಕೀಟು ಐತೇನು?" ಎಂದು ಕೇಳಿದ.

"ಇಲ್ಲ."

"ಎಷ್ಟೊತ್ತಿನ ತನಕ ತೆರೆದಿರ್ತೈತಿ?"

"ರಾತ್ರಿಯೆಲ್ಲ."

"ಹಂಗಾದ್ರ ಬುಕ್ ಮಾಡು."