ತಂಡ ಜೋಡಣೆಯ ಕೈಪಿಡಿ: ಎನ್‌ಎಚ್ 48 ಆವೃತ್ತಿ

ಅಭಿನಂದನೆಗಳು! ಬೆಂಗಳೂರಿನ ಕಂಪನಿಯಲ್ಲಿ ಟೀಮ್ ಲೀಡರಾದ ತಮ್ಮ ಪಾಲಿಗೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಿಂದ ತಲಾ ಒಬ್ಬರಿರುವ ತಂಡ ಬಂದಿದೆ. ಚಾಲೂ ಮಾಡುವ ಮೊದಲು ಪೂರ್ತಿ ಓದಿ. ಮಿಕ್ಸಿಯ ಕೈಪಿಡಿಯಂತೆ ಡ್ರಾಯರಿಗೆ ಎಸೆಯಬೇಡಿ.

ಪೆಟ್ಟಿಗೆ ಬಿಚ್ಚುವ ಮೊದಲು: ನಕ್ಷೆ ನೋಡಿ. ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ಹಿರಿಯೂರು ಇತ್ತಲೇ ಇದೆ, ಗುಯಿಲಾಳು ಟೋಲಿನ ದುಡ್ಡೂ ಉಳಿಯುತ್ತದೆ; ಅಷ್ಟಕ್ಕೇ ಅಲ್ಲಿಯವರನ್ನು ಎಂಟೂವರೆ ಸಭೆಗೆ ಕರೆಯಬೇಡಿ. ಹೊಳಲ್ಕೆರೆಯವರಿಗೆ ರೈಲೆಂದರೆ ಚಿಕ್ಕಜಾಜೂರು. ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಇಳಿದವರಿಗೆ ಹೊಸದುರ್ಗ ಇನ್ನೂ ದೂರ.

ಮಾದರಿ 1, ಆಫೀಸು: ಕೆಲವು ಕೆಲಸಕ್ಕೆ ಇದೊಂದೇ ದಾರಿ. ಜೋಗಿಮಟ್ಟಿ ಕಡೆಯ ಗಾಳಿಯಂತ್ರದ ಅಂಕಿಅಂಶವನ್ನು ಎಲ್ಲಿ ಕೂತಾದರೂ ನೋಡಬಹುದು, ಬೋಲ್ಟು ಬಿಗಿಯಲು ಮಾತ್ರ ಯಾರಾದರೂ ಹತ್ತಲೇಬೇಕು. ಕೋಟೆ ಕಾವಲೂ ಹಾಗೇ. ಕಾವಲಿನವ ಊಟಕ್ಕೆ ಮನೆಗೆ ಹೋದಾಗ ಕಿಂಡಿಯ ಬಳಿ ನಿಲ್ಲಲು ಎಲ್ಲ ತಂಡಕ್ಕೂ ಓಬವ್ವ ಸಿಗುವುದಿಲ್ಲ.

ಮಾದರಿ 2, ಮನೆ: 2020ರ ಮಾರ್ಚಿನ ಲಾಕ್‌ಡೌನಿನಲ್ಲಿ ಎಲ್ಲರೂ ಲ್ಯಾಪ್‌ಟಾಪ್ ಹೊತ್ತು ಊರು ಸೇರಿದಾಗಲೇ ಇದರ ಪರೀಕ್ಷೆ ಆಗಿದೆ. ಬೆಂಗಳೂರಿಗೂ ದುರ್ಗಕ್ಕೂ ಕರೆಂಟು ಕೊಡುವುದು ಅದೇ ಬೆಸ್ಕಾಂ, ಆದರೆ ತೋಟದ ಮನೆಗೆ ಅದು ಬರುವ ಹೊತ್ತೇ ಬೇರೆ. ಎದುರಿನ ಗುಡ್ಡದಲ್ಲಿ ರೆಕ್ಕೆ ಗಿರಗಿರ ತಿರುಗುತ್ತಿರುತ್ತದೆ, ಕೆಳಗೆ ಮೋಡೆಮ್ ಕಣ್ಣು ಮುಚ್ಚಿರುತ್ತದೆ. ಯುಪಿಎಸ್ ಕಂಪನಿಯ ಖರ್ಚಿನಲ್ಲಿ ಕೊಡಿಸಿ. ಹೊಳಲ್ಕೆರೆ ಕಡೆಯಿಂದ ಗರಗರ ಸದ್ದು ಬಂದರೆ ಅದು ಅಡಿಕೆ ಸುಲಿಯುವ ಮಷಿನ್, ಲ್ಯಾಪ್‌ಟಾಪ್ ರಿಪೇರಿಗೆ ಕಳಿಸಬೇಡಿ.

ಕೈಪಿಡಿಯ ಒಂದು ಪ್ರತಿ ಮನೆಯವರಿಗೂ ಸಲ್ಲಬೇಕು. "ಮನೇಲೇ ಕೂತಿದಾನಲ್ಲ, ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸ್ಕೊಂಡ್ ಬರ್ಲಿ" ಎಂಬ ಅಪ್ಪನ ಆಜ್ಞೆ ತಮ್ಮ ಇಮೇಲಿಗಿಂತ ಮೇಲಿನದು. ಹೆಣ್ಣುಮಗಳಿಗಾದರೆ ಅಡುಗೆಮನೆಯೂ ಸೇರುತ್ತದೆ. ಮನೆಯಿದ್ದೂ ತನಗೆ ಆಫೀಸೇ ಬೇಕೆಂದು ಆಕೆ ಹೇಳಿದರೆ ಕಾರಣ ಕೇಳದೆ ಕುರ್ಚಿ ಹಾಕಿಸಿ.

ಮಾದರಿ 3, ಹೈಬ್ರಿಡ್: ಇಲ್ಲಿ ನಿಧಾನವಾಗಿ ಓದಿ, ಹೆಚ್ಚಿನ ತಂಡಗಳು ಕೆಡುವುದು ಇಲ್ಲೇ. ಟಿಸಿಎಸ್ 2023ರ ಅಕ್ಟೋಬರಿನಿಂದ ವಾರಕ್ಕೆ ಐದೂ ದಿನ ಬನ್ನಿ ಎಂದಿತು. ಅಲ್ಲಿ ಲೆಕ್ಕಕ್ಕೆ ಕೆಲಸವಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ವಿಪ್ರೋ ವಾರಕ್ಕೆ ಮೂರು ದಿನ ಎಂದಿತು. ಇನ್ಫೋಸಿಸ್ 2025ರ ಮಾರ್ಚಿನಿಂದ ಕೆಳಗಿನ ಹಂತದವರಿಗೆ ತಿಂಗಳಿಗೆ ಹತ್ತು ದಿನ ಎಂದಿತು. ನಾಲ್ಕು ವಾರದ ಹನ್ನೆರಡಕ್ಕೂ ತಿಂಗಳ ಹತ್ತಕ್ಕೂ ಏನು ಮಹಾ ವ್ಯತ್ಯಾಸ ಎಂದು ಕೋರಮಂಗಲದವರು ಕೇಳಬಹುದು. ದುರ್ಗದವರು ಕೇಳುವುದಿಲ್ಲ. ವಾರದ ಲೆಕ್ಕವಾದರೆ ನಾಲ್ಕು ವಾರಕ್ಕೆ ನಾಲ್ಕು ಸಲ ಹೋಗಿ ಬರಬೇಕು, 1,600 ಕಿ.ಮೀ. ತಿಂಗಳ ಲೆಕ್ಕದಲ್ಲಿ ಹತ್ತೂ ದಿನವನ್ನು ಒಟ್ಟಿಗೆ ಮುಗಿಸಲು ಬಿಟ್ಟರೆ 400. ಮೂರು ದಿನದವರು ಪಿಜಿ ಮಂಚಕ್ಕೆ ತಿಂಗಳ ಬಾಡಿಗೆ ಕೊಟ್ಟು ಅರ್ಧ ತಿಂಗಳು ಅದರಲ್ಲಿ ಮಲಗುವುದಿಲ್ಲ. ಆದ್ದರಿಂದ ದಿನಗಳನ್ನು ವಾರವಾರಕ್ಕೆ ಹಂಚದೆ ಒಂದೆಡೆ ಗುಡ್ಡೆ ಹಾಕಿ.

ಎಚ್ಚರಿಕೆ: ಎಲ್ಲರ ಗುಡ್ಡೆಯೂ ಅವೇ ದಿನಗಳಲ್ಲಿರಲಿ. ಇಲ್ಲವಾದರೆ ಹಿರಿಯೂರಿನವರು ನಸುಕಿನ ಬಸ್ಸು ಹಿಡಿದು ಬಂದು, ಹೆಡ್‌ಫೋನ್ ಹಾಕಿ, ಊರಲ್ಲೇ ಇರುವ ಹೊಸದುರ್ಗದವರ ಜೊತೆ ವಿಡಿಯೋ ಕಾಲಿನಲ್ಲಿ ಮಾತಾಡುತ್ತಾರೆ. ಅದಕ್ಕೆ ಆಫೀಸು ಬೇಕಿರಲಿಲ್ಲ, ಬಸ್ಸೂ ಬೇಕಿರಲಿಲ್ಲ.

ಖಾತರಿ: ಮ್ಯಾನೇಜರ್ ಬದಲಾದರೆ ರದ್ದು. ಹಿರಿಯೂರಿನ ತೇರುಮಲ್ಲೇಶ್ವರನ ತೇರಿನ ದಿನ ಯಾವ ಮಾದರಿಯೂ ಓಡುವುದಿಲ್ಲ. ವಾಣಿವಿಲಾಸ ಸಾಗರ ಕೋಡಿ ಬಿದ್ದ ದಿನವೂ ಅಷ್ಟೇ. 1933ರಲ್ಲಿ ಬಿದ್ದ ಕೋಡಿ ಆಮೇಲೆ ಬಿದ್ದದ್ದು 2022ಕ್ಕೆ, ಮತ್ತೆ 2025ಕ್ಕೆ. ರಜಾ ಅರ್ಜಿಯಲ್ಲಿ ಆ ಕಾರಣ ಕಂಡರೆ ಮರುಮಾತಿಲ್ಲದೆ ಸಹಿ ಹಾಕಿ, ಕಾರಿನಲ್ಲಿ ಜಾಗವಿದೆಯೇ ಎಂದು ವಿಚಾರಿಸಿ.