ಪಹಣಿಯಲ್ಲಿ ಅಮರರಾದ ತಾತನವರಿಗೆ ಅಭಿನಂದನೆ

ಅರಳಿಕಟ್ಟೆಯ ಮೇಲೆ ಆಸೀನರಾಗಿರುವ ಗಣ್ಯರೇ, ಕೆಳಗೆ ಕುಳಿತಿರುವ ಫಲಾನುಭವಿಗಳೇ, ಆಚೆ ಬೇಲಿ ಪಕ್ಕ ನಿಂತಿರುವ ಅನರ್ಹರೇ,

ಈ ಸಲದ 'ಉತ್ತಮ ರೈತ' ಸನ್ಮಾನಕ್ಕೆ ನಮ್ಮ ತಾತನವರನ್ನು ಆರಿಸಿದ್ದೀರಿ. ಮನೆಯವರ ಪರವಾಗಿ ವಂದನೆಗಳು. ತಾತ ತೀರಿಕೊಂಡು ಇಪ್ಪತ್ತೇಳು ವರ್ಷವಾಯಿತು. ಆದರೇನು? ಎರಡು ಎಕರೆ ಹತ್ತು ಗುಂಟೆಯ ಪಹಣಿಯಲ್ಲಿ ಇವತ್ತಿಗೂ ಸ್ವಾಧೀನದಾರರು ಅವರೇ, ಸಾಗುವಳಿದಾರರೂ ಅವರೇ. ಫೋಟೋಗೆ ಮೊದಲೇ ಗಂಧದ ಹಾರ ಇದ್ದುದರಿಂದ ಸಮಿತಿಗೆ ಹಾರದ ಖರ್ಚು ಉಳಿಯಿತು. ಪೇಟವನ್ನು ಚೌಕಟ್ಟಿನ ಮೇಲೆ ಇಟ್ಟಿದ್ದೇವೆ. ಗಾಳಿ ಬೀಸಿದರೆ ಯಾರಾದರೂ ಹಿಡಿದುಕೊಳ್ಳಿ.

ತಾತಾ, ತಮ್ಮ ಸಾಧನೆ ಒಂದೇ ಎರಡೇ! ಕೈಬರಹದ ಪಹಣಿ ಹೋಗಿ 'ಭೂಮಿ' ತಂತ್ರಾಂಶ ಬಂದಾಗ, ಬದುಕಿದ್ದ ನಾವೆಲ್ಲ ಹೊರಗುಳಿದೆವು. ತಾವು ಮಾತ್ರ ಕಂಪ್ಯೂಟರಿನೊಳಗೆ ನಡೆದುಬಿಟ್ಟಿರಿ. ಆಧಾರ್ ಹುಟ್ಟುವ ಮೊದಲೇ ಹೊರಟುಹೋದದ್ದಂತೂ ತಮ್ಮ ದೂರದೃಷ್ಟಿ. ಬೆರಳು ಸವೆದು ಗುರುತು ಬೀಳದ ಕಷ್ಟ ತಮಗಿಲ್ಲ, ಇ-ಕೆವೈಸಿಯ ಸರದಿ ಸಾಲಿಲ್ಲ.

2019ರಿಂದ ಪಿಎಂ ಕಿಸಾನ್ ಯೋಜನೆಯಲ್ಲಿ ರೈತರಿಗೆ ವರ್ಷಕ್ಕೆ 6,000 ರೂಪಾಯಿ, ಮೂರು ಕಂತಿನಲ್ಲಿ ಬರುತ್ತಿದೆ. ರಾಜ್ಯ ಸರ್ಕಾರ ಅದಕ್ಕೆ 4,000 ಸೇರಿಸಿತು. 2023ರಲ್ಲಿ ಅದು ನಿಂತೂ ಹೋಯಿತು. ತಾವು ಬಂದದ್ದಕ್ಕೆ ಹಿಗ್ಗಲಿಲ್ಲ, ನಿಂತದ್ದಕ್ಕೆ ಕುಗ್ಗಲಿಲ್ಲ. ಇಂಥ ಸ್ಥಿತಪ್ರಜ್ಞ ರೈತ ಇನ್ನೆಲ್ಲಿ ಸಿಕ್ಕಾನು?

ಅದೇ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ರಾಜ್ಯ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್‌ನಲ್ಲಿ ಕೇಂದ್ರದಿಂದ ಬಂದದ್ದು 3,454 ಕೋಟಿ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅಂದರೆ ಗುಂಟೆಗೆ 86. ನಮ್ಮ ಹೊಲದ ಲೆಕ್ಕಕ್ಕೆ 7,740ರ ಆಸುಪಾಸು. ಹಣ ಹೋಗುವುದು ಎಫ್‌ಐಡಿ ಎಂಬ ರೈತ ಗುರುತಿನ ಸಂಖ್ಯೆ ಇದ್ದವರ ಖಾತೆಗೆ. ತಮಗೆ ಎಫ್‌ಐಡಿ ಇಲ್ಲ, ಬ್ಯಾಂಕ್ ಖಾತೆಯೂ ಇಲ್ಲ. ಖಾತೆ ಇರುವ ನಮ್ಮ ಹೆಸರು ಪಹಣಿಯಲ್ಲಿಲ್ಲ. ಸರ್ಕಾರದ ಹಣ ಉಳಿಸಿದ ಕೀರ್ತಿಯೂ ತಮ್ಮದೇ.

ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಪೌತಿ ಖಾತೆ ಯಾಕೆ ಮಾಡಿಸಲಿಲ್ಲ ಎಂದು ಕೇಳಬೇಡಿ. ತಾತನಿಗೆ ನಾಲ್ವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಅಷ್ಟೂ ಜನ ಒಟ್ಟಿಗೆ ಸೇರಿದ್ದು ತಿಥಿಯ ದಿನ. ಅಂದು ವಡೆ ವಿಷಯಕ್ಕೇ ಜಗಳವಾಯಿತು.

ಇನ್ನು ಬೇಲಿ ಪಕ್ಕ ನಿಂತಿರುವವರ ಪರಿಚಯ. ಒಂಬತ್ತು ವರ್ಷದಿಂದ ಈ ಹೊಲವನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಮಾಡುತ್ತಿರುವವರು ಅವರು. ಉತ್ತವರು, ಬಿತ್ತಿದವರು, ಆ ಬರದ ವರ್ಷ ಒಣಗಿದ ರಾಗಿಯನ್ನು ದನಕ್ಕೆ ಕೊಯ್ದವರು ಅವರೇ. ರಿಯಾಯಿತಿ ಬೀಜ ಕೇಳಲು ಹೋದರೆ ಪಹಣಿ ಎಲ್ಲಿ ಎನ್ನುತ್ತಾರೆ. ಕಾಗದದ ಪ್ರಕಾರ ಅವರು ಇಲ್ಲವೇ ಇಲ್ಲ. ಯಾಕೆಂದರೆ ನಮ್ಮ ರಾಜ್ಯದಲ್ಲಿ 1974ರಿಂದ ಗೇಣಿಯೇ ಇಲ್ಲ, ಉಳುವವನೇ ಒಡೆಯ.

ಈ ಮಾತು ತಾತನಿಗೆ ಚೆನ್ನಾಗಿ ಗೊತ್ತು. ಅವರೂ ಗೇಣಿದಾರರೇ ಆಗಿದ್ದವರು. ಫಾರಂ 7 ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ಕೈಕಟ್ಟಿ ನಿಂತು, ಈ ಎರಡು ಎಕರೆ ಹತ್ತು ಗುಂಟೆ ಪಡೆದವರು. ಅಂದು ಉಳುತ್ತಿದ್ದರು, ಒಡೆಯರಾದರು. ಇಂದು ಸತ್ತಿದ್ದಾರೆ, ಒಡೆಯರಾಗಿಯೇ ಇದ್ದಾರೆ. ಉಳುವವನು ಬೇಲಿ ಪಕ್ಕ ನಿಂತಿದ್ದಾನೆ.

ಮಾನಪತ್ರ ಓದುವ ಮೊದಲು ನನ್ನ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆಯಂದಿರಲ್ಲಿ ಒಂದು ವಿನಂತಿ. ವಂಶವೃಕ್ಷಕ್ಕೆ ಸಹಿ ಹಾಕಿ, ತಾತನಿಗೆ ಇನ್ನಾದರೂ ಬಿಡುವು ಕೊಡಿ. ಮುಂದೆ ಪರಿಹಾರ ಬಂದಾಗ ಅದರಲ್ಲಿ ಅರ್ಧ ಬೇಲಿ ಪಕ್ಕದವರಿಗೆ ಸೇರಲಿ. ರಾಗಿ ಅಳೆಯುವಾಗ ವಾರವೆಂದರೆ ಅರ್ಧ ಎಂಬುದು ನಮಗೆ ಎಂದೂ ಮರೆತಿಲ್ಲ.